ಮಂಚವನ್ನು ಮೇಜಾಗಿಸಿದ ಸಾರಾ ಗೂಡ್: ಫಾರ್ವರ್ಡ್‌ನಲ್ಲಿ ನಿಜವೆಷ್ಟು?

ಹಗಲು ಮೇಜು, ರಾತ್ರಿ ಮಂಚ. ಇಂಥ ಮಡಚುವ ಪೀಠೋಪಕರಣಗಳ ವಿಡಿಯೋ ಈಗ ಎಲ್ಲರ ಮೊಬೈಲಿನಲ್ಲೂ ಬರುತ್ತದೆ. ಕುಂದಾಪುರ, ಬೈಂದೂರು, ಬ್ರಹ್ಮಾವರದಿಂದ ಬೆಂಗಳೂರು, ಮುಂಬಯಿಗೆ ಹೋಗಿ ಹೋಟೆಲು, ಬೇಕರಿ ಕೆಲಸದಲ್ಲಿರುವವರಿಗೆ ಒಂದೇ ಕೋಣೆಯಲ್ಲಿ ಸಂಸಾರ ಮಾಡುವ ಕಷ್ಟ ಗೊತ್ತು. ಹಾಗಾಗಿ ಇಂಥ ವಿಡಿಯೋ ಬಂದರೆ ಕೂಡಲೇ ಶೇರ್ ಆಗುತ್ತದೆ.

ಇವುಗಳ ಜೊತೆ ಇಂಟರ್ನೆಟ್ಟಿನಲ್ಲಿ ಒಂದು ಕಥೆಯೂ ಓಡಾಡುತ್ತಿದೆ. ಮಡಚುವ ಮಂಚವನ್ನು ಕಂಡುಹಿಡಿದವರು ಸಾರಾ ಗೂಡ್, ಅವರು ಗುಲಾಮರಾಗಿ ಹುಟ್ಟಿದವರು, ಅಮೆರಿಕದಲ್ಲಿ ಪೇಟೆಂಟ್ ಪಡೆದ ಮೊದಲ ಕಪ್ಪು ಮಹಿಳೆ ಅವರೇ ಎಂದು ಅದು ಹೇಳುತ್ತದೆ. ಸಾರಾ ಗೂಡ್ ನಿಜವಾಗಿ ಇದ್ದವರು, ಪೇಟೆಂಟ್ ಕೂಡ ನಿಜ. ಆದರೆ ಈ ಮೂರು ಮಾತುಗಳನ್ನು ಒಂದೊಂದಾಗಿ ನೋಡಬೇಕಾಗಿದೆ.

ಗುಲಾಮರಾಗಿ ಹುಟ್ಟಿದರೇ?

ಸಾರಾ ಹುಟ್ಟಿದ್ದು ಸುಮಾರು 1855ರಲ್ಲಿ, ಅಮೆರಿಕದ ಓಹಾಯೋ ರಾಜ್ಯದ ಟೊಲೀಡೋ ಊರಿನಲ್ಲಿ. ಮದುವೆಗೆ ಮುಂಚಿನ ಹೆಸರು ಸಾರಾ ಎಲಿಸಬೆತ್ ಜೇಕಬ್ಸ್. ತಂದೆ ಆಲಿವರ್ ಜೇಕಬ್ಸ್ ಬಡಗಿ, ತಾಯಿ ಹ್ಯಾರಿಯಟ್. ಏಳು ಮಕ್ಕಳಲ್ಲಿ ಸಾರಾ ಎರಡನೆಯವರು.

ಅಮೆರಿಕದ ದಕ್ಷಿಣದ ರಾಜ್ಯಗಳಲ್ಲಿ ಆಗ ಗುಲಾಮಗಿರಿ ಇದ್ದದ್ದು ಹೌದು. ಆದರೆ ಓಹಾಯೋ ಇರುವ ಪ್ರದೇಶದಲ್ಲಿ 1787ರಲ್ಲೇ ಅದನ್ನು ನಿಷೇಧಿಸಲಾಗಿತ್ತು. 1803ರಲ್ಲಿ ಓಹಾಯೋ ರಾಜ್ಯವಾದಾಗಲೂ ನಿಷೇಧ ಮುಂದುವರಿಯಿತು. ಸಾರಾ ಟೊಲೀಡೋದಲ್ಲಿ ಹುಟ್ಟಿದವರಾದರೆ ಗುಲಾಮರಾಗಿ ಹುಟ್ಟಿದರೆಂಬ ಮಾತು ನಿಲ್ಲುವುದಿಲ್ಲ. ಸ್ವತಂತ್ರರಾಗಿದ್ದ ಕಪ್ಪು ಜನರಿಗೂ ಆಗ ಸಮಾನ ಹಕ್ಕುಗಳಿರಲಿಲ್ಲ, ಅದು ಬೇರೆ ಮಾತು. ಅವರ ಹೋರಾಟ ದೊಡ್ಡದೆಂದು ತೋರಿಸಲು ಇಲ್ಲದ ಸಂಕೋಲೆಯನ್ನು ಸೇರಿಸಬೇಕಾಗಿಲ್ಲ.

ಷಿಕಾಗೋದ ಅಂಗಡಿ

ಮುಂದೆ ಕುಟುಂಬ ಷಿಕಾಗೋ ನಗರಕ್ಕೆ ಬಂತು. ಅಲ್ಲಿ ಸಾರಾ ವರ್ಜೀನಿಯಾ ಮೂಲದ ಆರ್ಚಿಬಾಲ್ಡ್ ಗೂಡ್ ಅವರನ್ನು ಮದುವೆಯಾದರು. ಆತ ಮರದ ಮೆಟ್ಟಿಲು ಕಟ್ಟುವ, ಕುರ್ಚಿ ಸೋಫಾಗಳಿಗೆ ಮೆತ್ತೆ ಹಾಕುವ ಕೆಲಸಗಾರ. ದಂಪತಿಗೆ ಆರು ಮಕ್ಕಳಾದರೂ ದೊಡ್ಡವರಾಗುವ ತನಕ ಬದುಕಿ ಉಳಿದದ್ದು ಮೂವರು. ತಂದೆಯದೂ ಗಂಡನದೂ ಮರದ ಕೆಲಸ. ಸಾರಾ ಇಟ್ಟದ್ದು ಪೀಠೋಪಕರಣದ ಅಂಗಡಿ.

ಷಿಕಾಗೋ ಆಗ ದಿನದಿಂದ ದಿನಕ್ಕೆ ಬೆಳೆಯುತ್ತಿತ್ತು. 1871ರ ಭಾರೀ ಬೆಂಕಿಯ ನಂತರ ಮತ್ತೆ ಕಟ್ಟಿದ ನಗರ ಅದು. 1880ರಲ್ಲಿ ಸುಮಾರು 5 ಲಕ್ಷ ಇದ್ದ ಜನಸಂಖ್ಯೆ 1890ರ ಹೊತ್ತಿಗೆ ಸುಮಾರು 11 ಲಕ್ಷಕ್ಕೆ ಏರಿತ್ತು. ದುಡಿಯಲು ಬಂದವರು ಇಕ್ಕಟ್ಟಾದ ಮನೆಗಳಲ್ಲಿ ತುಂಬಿದ್ದರು. ಮಂಚ ಹಾಕಿದರೆ ಮೇಜಿಗೆ ಜಾಗವಿಲ್ಲ, ಮೇಜು ಇಟ್ಟರೆ ಮಲಗಲು ಜಾಗವಿಲ್ಲ.

ಪೇಟೆಂಟಿನಲ್ಲಿ ಇರುವುದೇನು?

1883ರ ನವೆಂಬರ್ 12ರಂದು ಸಾರಾ ಅರ್ಜಿ ಹಾಕಿದರು. 1885ರ ಜುಲೈ 14ರಂದು ಪೇಟೆಂಟ್ ಸಿಕ್ಕಿತು. ಅದರ ಸಂಖ್ಯೆ 322177.

ಮಡಚುವ ಮಂಚವನ್ನು ತಾವೇ ಮೊದಲು ಕಂಡುಹಿಡಿದೆವೆಂದು ಅದರಲ್ಲಿ ಅವರು ಹೇಳಿಕೊಂಡಿಲ್ಲ. ಹೇಳುವಂತೆಯೂ ಇರಲಿಲ್ಲ. 3300 ವರ್ಷಗಳಷ್ಟು ಹಿಂದಿನ ಈಜಿಪ್ಟಿನ ದೊರೆ ಟುಟಂಖಾಮನ್ ಸಮಾಧಿಯಲ್ಲೇ ಮೂರು ಮಡಿಕೆಯ ಮಂಚ ಸಿಕ್ಕಿದೆ. ಸಾರಾ ಕೇಳಿದ್ದು ಹೊಸ ರಚನೆಗೆ ಹಕ್ಕು. ಆ ರಚನೆಯಲ್ಲಿ ನಾಲ್ಕು ಅಂಶಗಳಿದ್ದವು.

1. ಮಡಚಿದಾಗ ಮಂಚವು ಕಚೇರಿಗೂ ಮನೆಗೂ ಆಗುವ ಬರೆಯುವ ಮೇಜಾಗಬೇಕು.
2. ಮಡಚುವ ಭಾಗಗಳ ಭಾರ ಸರಿದೂಗಬೇಕು, ಎತ್ತುವುದೂ ಇಳಿಸುವುದೂ ಸುಲಭವಾಗಬೇಕು.
3. ಬಿಡಿಸಿದಾಗ ಮಡಚುವ ಭಾಗಗಳು ತಮ್ಮ ಜಾಗದಲ್ಲೇ ಭದ್ರವಾಗಿ ನಿಲ್ಲಬೇಕು.
4. ಬಿಡಿಸಿದಾಗ ನಡುಭಾಗ ತಗ್ಗದಂತೆ ಅಲ್ಲಿಗೆ ತಾನಾಗಿಯೇ ಒಂದು ಆಧಾರ ಬಂದು ನಿಲ್ಲಬೇಕು.

ಎರಡನೆಯದೇ ಇದರ ಜೀವ. ಏತದಲ್ಲಿ ನೀರು ಎತ್ತಿದ್ದನ್ನು ನೋಡಿದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೋಲಿನ ಒಂದು ತುದಿಗೆ ಕಲ್ಲು ಕಟ್ಟಿದ್ದರೆ ಇನ್ನೊಂದು ತುದಿಯ ಕೊಡ ಹಗುರವಾಗಿ ಮೇಲೆ ಬರುತ್ತದೆ. ಮಂಚದಲ್ಲೂ ಒಂದು ಕಡೆಯ ಭಾರಕ್ಕೆ ಇನ್ನೊಂದು ಕಡೆ ಭಾರವಿದ್ದರೆ ಒಬ್ಬರೇ ಎತ್ತಬಹುದು, ಕೈಜಾರಿದರೂ ಧಡ್ಡನೆ ಬೀಳುವುದಿಲ್ಲ.

ಮೊದಲ ಕಪ್ಪು ಮಹಿಳೆಯೇ?

ಅಲ್ಲ. ಜೂಡಿ ರೀಡ್ ಎಂಬ ಕಪ್ಪು ಮಹಿಳೆ ಹಿಟ್ಟು ನಾದುವ ಯಂತ್ರಕ್ಕೆ 1884ರ ಸೆಪ್ಟೆಂಬರ್ 23ರಂದೇ ಪೇಟೆಂಟ್ ಪಡೆದಿದ್ದರು. ಆಕೆಯ ಸಹಿಯ ಜಾಗದಲ್ಲಿ ಇರುವುದು ಒಂದು ಗುರುತು ಮಾತ್ರ. ಅದಕ್ಕೂ ಮುಂಚೆ, 1868ರಲ್ಲಿ, ವರ್ಜೀನಿಯಾದ ಮಾರ್ಥಾ ಜೋನ್ಸ್ ಅವರಿಗೆ ಜೋಳದ ಸಿಪ್ಪೆ ಸುಲಿಯುವ ಯಂತ್ರಕ್ಕೆ ಪೇಟೆಂಟ್ ಸಿಕ್ಕಿತ್ತು. ಪೇಟೆಂಟ್ ಪತ್ರಗಳಲ್ಲಿ ಜನಾಂಗದ ವಿವರ ಬರೆಯುವ ಪದ್ಧತಿ ಇರಲಿಲ್ಲ. ಹೀಗಾಗಿ ಮೊದಲಿಗರು ಯಾರೆಂಬುದು ಹೊಸ ದಾಖಲೆ ಸಿಕ್ಕಂತೆ ಬದಲಾಗುತ್ತ ಬಂದಿದೆ. ಸಾರಾ ಮೊದಲ ಕೆಲವರಲ್ಲಿ ಒಬ್ಬರು ಎಂದರೆ ಸರಿ.

ಮತ್ತೆ ಮರ್ಫಿ ಯಾರು?

ಗೋಡೆಗೆ ಮಡಚಿಕೊಳ್ಳುವ ಮಂಚಕ್ಕೆ ಮರ್ಫಿ ಬೆಡ್ ಎನ್ನುವುದುಂಟು. ಸ್ಯಾನ್ ಫ್ರಾನ್ಸಿಸ್ಕೋದ ವಿಲಿಯಂ ಮರ್ಫಿ ಅವರ ಹೆಸರದು. ಅವರ ಮಾಯವಾಗುವ ಮಂಚಕ್ಕೆ ಪೇಟೆಂಟ್ ಸಿಕ್ಕಿದ್ದು 1912ರಲ್ಲಿ, ಅಂದರೆ ಸಾರಾ ಪೇಟೆಂಟ್ ಪಡೆದ 27 ವರ್ಷಗಳ ನಂತರ. ಮರ್ಫಿ ಮಂಚ ಗೋಡೆಗೆ ಸೇರುತ್ತದೆ. ಸಾರಾ ಅವರ ಮಂಚ ನೆಲದ ಮೇಲೆ ನಿಂತ ಪೆಟ್ಟಿಗೆಯಂಥದ್ದು. ಎರಡೂ ಬೇರೆ ಬೇರೆ, ಒಬ್ಬರದನ್ನು ಇನ್ನೊಬ್ಬರು ಕದ್ದರೆಂದು ಹೇಳಲು ಆಧಾರವಿಲ್ಲ.

ಸಾರಾ 1905ರ ಏಪ್ರಿಲ್ 8ರಂದು ತೀರಿಕೊಂಡರು. ಐವತ್ತು ವರ್ಷದ ಆಸುಪಾಸಿನ ಬದುಕು. ಷಿಕಾಗೋದಲ್ಲಿ 2012ರಲ್ಲಿ ಆರಂಭವಾದ ವಿಜ್ಞಾನ, ತಂತ್ರಜ್ಞಾನದ ಒಂದು ಶಾಲೆಗೆ ಅವರ ಹೆಸರಿಟ್ಟಿದ್ದಾರೆ.

ನಮ್ಮ ಮನೆಯಲ್ಲಿ ಮಾಡಿದರೆ?

ಆ ಕಾಲದ ಅಮೆರಿಕದ ಪೇಟೆಂಟಿಗೆ 17 ವರ್ಷದ ಅವಧಿ. ಸಾರಾ ಅವರದು 1902ರಲ್ಲೇ ಮುಗಿದಿದೆ. ಚಿತ್ರಸಹಿತ ಪತ್ರ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತದೆ. ಅದನ್ನು ನೋಡಿ ಯಾರು ಬೇಕಾದರೂ ಮಂಚ ಮಾಡಿಕೊಳ್ಳಬಹುದು. ಮನೆಯಲ್ಲಿ ಇಟ್ಟುಕೊಳ್ಳುವ ಚಿಕ್ಕ ಸಿಎನ್‌ಸಿ ರೂಟರ್ ಇದ್ದರೆ ಕತ್ತರಿಸುವ ಕೆಲಸ ಸುಲಭ. ಕಂಪ್ಯೂಟರ್ ಕೊಟ್ಟ ಅಂಕಿಗಳಂತೆ ಉದ್ದ, ಅಗಲ, ಆಳ ಹೀಗೆ ಮೂರು ದಿಕ್ಕಿಗೆ ಅದರ ಬ್ಲೇಡು ಓಡುತ್ತದೆ. ಹತ್ತು ತುಂಡು ಬೇಕೆಂದರೆ ಹತ್ತೂ ಒಂದೇ ಅಳತೆಗೆ ಬರುತ್ತವೆ.

ಆದರೆ ಯಂತ್ರ ಬಂದರೆ ಬಡಗಿಯ ಬುದ್ಧಿ ಬೇಡ ಎನ್ನುವುದೂ ಒಂದು ಮಿಥ್ಯೆ. 18 ಮಿಮೀ ಎಂದು ಮಾರುವ ಪ್ಲೈವುಡ್ ಅಳೆದರೆ ತುಸು ಕಡಿಮೆ ಇರಬಹುದು, ಸೇರಿಕೆಗಳು ಸಡಿಲಾಗುತ್ತವೆ. ತಿರುಗುವ ಬ್ಲೇಡು ಒಳಮೂಲೆಯನ್ನು ಚೌಕವಾಗಿ ಕೊರೆಯಲಾರದು, ಅಲ್ಲಿ ಉಳಿ ಹಿಡಿಯಲೇಬೇಕು. ಕರಾವಳಿಯ ಮಳೆಗಾಲದಲ್ಲಿ ಮರ ಉಬ್ಬುತ್ತದೆ. ಬೇಸಿಗೆಯಲ್ಲಿ ನಯವಾಗಿ ಮಡಚಿಕೊಂಡದ್ದು ಆಷಾಢದಲ್ಲಿ ಸಿಕ್ಕಿಕೊಳ್ಳುತ್ತದೆ. ಆದ್ದರಿಂದ ಮಡಚುವ ಜಾಗದಲ್ಲಿ ಸಂದು ಬಿಡಬೇಕು, ಪ್ಲೈವುಡ್ಡಿನ ಅಂಚಿಗೆ ನೀರು ಹೋಗದಂತೆ ಬಣ್ಣ ಹಚ್ಚಬೇಕು. ಕಡಲಗಾಳಿಗೆ ಸಾದಾ ಕಬ್ಬಿಣದ ತಿರುಗಣಿ ತುಕ್ಕು ಹಿಡಿಯುತ್ತದೆ, ಸ್ಟೀಲಿನದೋ ಹಿತ್ತಾಳೆಯದೋ ಹಾಕಿ. ಮುರಕಲ್ಲಿನ ಗೋಡೆಗೆ ಭಾರದ ಮಂಚ ಕೂರಿಸುವಾಗ ಸಾಮಾನ್ಯ ಸ್ಕ್ರೂ ನಂಬಬೇಡಿ. ನೆಲದ ಮೇಲೆ ನಿಲ್ಲುವ ಸಾರಾ ಅವರ ಮಾದರಿಗೆ ಗೋಡೆಯ ಗೊಡವೆಯೇ ಇಲ್ಲ. ಯಾವುದೇ ಮಾದರಿಯಾದರೂ ಮಕ್ಕಳು ಹತ್ತುವ ಮೊದಲು ಹಾಸಿಗೆಯ ಭಾರ ಹಾಕಿ ಹತ್ತಾರು ಸಲ ಮಡಚಿ ಬಿಡಿಸಿ ನೋಡಿ.

ನಮ್ಮ ತೀರ್ಮಾನ

ಗುಲಾಮರಾಗಿ ಹುಟ್ಟಿದರು: ಆಧಾರವಿಲ್ಲ. ಮಡಚುವ ಮಂಚ ಕಂಡುಹಿಡಿದರು: ತಪ್ಪು. ಪೇಟೆಂಟ್ ಪಡೆದ ಮೊದಲ ಕಪ್ಪು ಮಹಿಳೆ: ತಪ್ಪು. ಬಡಗಿಯ ಮಗಳೊಬ್ಬಳು ಇಕ್ಕಟ್ಟಿನ ಊರಿನಲ್ಲಿ ಅಂಗಡಿ ಇಟ್ಟು, ಜಾಗವಿಲ್ಲದವರಿಗೆ ಒಂದೇ ಮರದ ಸಾಮಾನಿನಲ್ಲಿ ಮಂಚವನ್ನೂ ಮೇಜನ್ನೂ ಕೊಡುವ ದಾರಿ ಕಂಡುಕೊಂಡರು: ಪೂರ್ತಿ ನಿಜ. ಫಾರ್ವರ್ಡ್ ಮಾಡುವುದಾದರೆ ಇದನ್ನು ಮಾಡಿ, ಜೊತೆಗೆ 322177 ಎಂಬ ಸಂಖ್ಯೆಯನ್ನೂ ಕಳಿಸಿ. ಓದಿದವರು ತಾವೇ ಹುಡುಕಿ ನೋಡಬಹುದು.