ಮುರಿದ ಕಾಲಿಗೆ ಅಝ್ಝಹ್ರಾವಿ ಕಟ್ಟಿದ ದಬ್ಬೆ

ಅಡಿಕೆ ತೋಟ ಇರುವಲ್ಲೆಲ್ಲ ಮರದಿಂದ ಬಿದ್ದು ಕಾಲು ಮುರಿದುಕೊಂಡವರ ಸುದ್ದಿ ಇದ್ದದ್ದೇ. ನಮ್ಮ ಕರಾವಳಿಯಲ್ಲೂ ಅಷ್ಟೇ, ಘಟ್ಟದ ಮೇಲೆ ಚನ್ನಗಿರಿಯ ಉಬ್ರಾಣಿ ಕಡೆಯಲ್ಲೂ ಅಷ್ಟೇ. ಬೈಕ್ ಬಂದ ಮೇಲಂತೂ ಕೇಳುವುದೇ ಬೇಡ. ಆಸ್ಪತ್ರೆಗೋ, ಎಲುಬು ಕಟ್ಟುವವರ ಹತ್ತಿರವೋ ಅಂತ ಮನೆಯಲ್ಲಿ ಚರ್ಚೆ ಶುರುವಾಗ್ತದೆ. ಈ ವಾರ ನಾವು ನೆನೆಯುವ ವೈದ್ಯರು ಮೊಣಕಾಲ ಕೆಳಗಿನ ಎಲುಬುಗಳಿಗಾಗಿ ಸಾವಿರ ವರ್ಷದ ಹಿಂದೆಯೇ ಒಂದು ಅಧ್ಯಾಯ ಬರೆದವರು.

ಅಬುಲ್ ಕಾಸಿಂ ಖಲಫ್ ಇಬ್ನ್ ಅಬ್ಬಾಸ್ ಅಝ್ಝಹ್ರಾವಿ ಹುಟ್ಟಿದ್ದು ಸುಮಾರು 936ರಲ್ಲಿ, ಸ್ಪೇನಿನ ಕುರ್ತುಬಾ ಪಕ್ಕದ ಮದೀನತುಝ್ಝಹ್ರಾದಲ್ಲಿ. ಖಲೀಫ ಮೂರನೇ ಅಬ್ದುರ್ರಹ್ಮಾನ್ ಕಟ್ಟಿಸಿದ ಅರಮನೆ ನಗರ ಅದು. ಮನೆತನ ಮದೀನಾದ ಅನ್ಸಾರಿಗಳದ್ದು. ಅವರು ಜೀವಮಾನದ ಅನುಭವವನ್ನೆಲ್ಲ ಅತ್ತಸ್ರೀಫ್ ಎಂಬ 30 ಭಾಗಗಳ ಗ್ರಂಥದಲ್ಲಿ ಇಳಿಸಿದರು. ಕೊನೆಯ ಭಾಗ ಪೂರ್ತಿ ಶಸ್ತ್ರಚಿಕಿತ್ಸೆ, ಜೊತೆಗೆ ಉಪಕರಣಗಳ ಸುಮಾರು 200 ಚಿತ್ರ. ಶಿಷ್ಯರನ್ನು ಅವರು ಮಕ್ಕಳೇ ಎಂದು ಕರೆಯುತ್ತಿದ್ದರು. ದೇಹದ ರಚನೆ ಓದದೆ ಚೂರಿ ಹಿಡಿದವನು ರೋಗಿಯನ್ನು ಕೊಲ್ಲುತ್ತಾನೆ ಎಂಬುದು ಅವರ ಖಡಕ್ ಅಭಿಪ್ರಾಯ.

ಕಾಲಿನ ವಿಷಯಕ್ಕೆ ಬರೋಣ. ಕಣಕಾಲಲ್ಲಿ ಎರಡು ಎಲುಬು: ಒಂದು ದಪ್ಪ, ಒಂದು ಸಪೂರ. ಸಪೂರದ್ದು ಮಾತ್ರ ಮುರಿದರೆ ಕೆಲಸ ಸಲೀಸು, ದಪ್ಪದ್ದು ಮುರಿದರೆ ಕಷ್ಟ, ಎರಡೂ ಮುರಿದರೆ ಕಾಲು ಹೇಗೆ ಬೇಕಾದರೂ ತಿರುಗುತ್ತದೆ ಎಂದು ಅವರು ವಿವರಿಸುತ್ತಾರೆ. ಮೆಲ್ಲ ಎಳೆದು ಸರಿ ಕೂರಿಸಬೇಕು. ಎಲುಬು ಚೂರು ಚೂರಾಗಿದ್ದರೆ ಎಳೆತ ಇನ್ನೂ ಹಗುರ. ಆಮೇಲೆ ದಬ್ಬೆ. ಅದರ ಮೇಲೆ ಕಾಲಿನ ಎರಡೂ ಪಕ್ಕಕ್ಕೆ ಮೊಣಕಾಲಿನಿಂದ ಪಾದದವರೆಗೆ ಉದ್ದದ ಮರದ ಪಟ್ಟಿ ಅಥವಾ ಖರ್ಜೂರದ ಮರದ ದಂಟು, ಬಟ್ಟೆ ಸುತ್ತಿ, ಮೂರು ಕಡೆ ಬಿಗಿದು ಇಟ್ಟರೆ ಕಾಲು ಆಚೀಚೆ ವಾಲುವುದಿಲ್ಲ. ಪ್ಲಾಸ್ಟರಿನ ಬದಲು ಗಿರಣಿಯ ಗೋಡೆಗೆ ಅಂಟಿದ ಹಿಟ್ಟಿನ ಧೂಳನ್ನು ಮೊಟ್ಟೆಯ ಬಿಳಿಯಲ್ಲಿ ಕಲಸಿ ಹಚ್ಚುತ್ತಿದ್ದರು. ಇಂದಿನ ರೀತಿಯ ಪ್ಲಾಸ್ಟರ್ ಪಟ್ಟಿ ಡಚ್ ಸೇನಾ ವೈದ್ಯ ಮಥೈಸನ್ ಅವರಿಂದ ಬಂದದ್ದು 1850ರ ದಶಕದಲ್ಲಿ.

ನಮಗೆ ಬಹಳ ಮುಖ್ಯ ಎನಿಸಿದ್ದು ಇದಲ್ಲ. ಕಟ್ಟಿದ ಮೇಲೆ ಸುಮ್ಮನೆ ಕೂರಬಾರದು, ದಿನಾಲೂ ನೋಡಬೇಕು ಅಂತಾರೆ ಅವರು. ಬಾವು, ನೋವು, ತುರಿಕೆ ಕಂಡರೆ ಸಡಿಲಿಸಲೇಬೇಕು. ಗಾಯ ಇದ್ದರೆ ಆ ಜಾಗದಲ್ಲಿ ಕಟ್ಟು ತೆರೆದಿಡಬೇಕು. ಈಗಿನ ವೈದ್ಯರು ಹೇಳುವುದೂ ಇದನ್ನೇ. ಕಣಕಾಲು ಮುರಿದಾಗ ಒಳಗಿನ ಸ್ನಾಯು ಊದಿ ರಕ್ತ ಓಡದೆ ಹೋಗಬಹುದು. ಕಟ್ಟು ಬಿಗಿ ಇದ್ದರಂತೂ ಅಪಾಯ ಹೆಚ್ಚು. ತಡೆಯಲಾಗದ ನೋವು ಏರ್ತಾ ಇದ್ರೆ, ಬೆರಳು ಜೋಮು ಹಿಡಿದರೆ, ಬಣ್ಣ ಬದಲಾದರೆ ಬೆಳಗಾಗಲಿ ಅಂತ ಕಾಯಬೇಡಿ. ಕೆಲವೇ ಗಂಟೆಯಲ್ಲಿ ಕಾಲೇ ಹೋದೀತು.

ಊಟದ ಪಟ್ಟಿ ನೋಡಿದರೆ ನಮ್ಮ ಮನೆಯ ಅಜ್ಜಿಯಂದಿರೇ ಬರೆದ ಹಾಗಿದೆ. ಮೊದಲ ದಿನಗಳಲ್ಲಿ ಹಗುರ ಊಟ. ಎಲುಬು ಕೂಡತೊಡಗಿದ ಮೇಲೆ ಅನ್ನ, ಮೊಟ್ಟೆ, ತಾಜಾ ಮೀನು, ತಲೆ ಕಾಲುಗಳ ಸಾರು. ಎಲ್ಲವನ್ನೂ ಹೀಗೇ ಒಪ್ಪಲಾಗದು. ರಕ್ತ ತೆಗೆಸುವ ಕ್ರಮವೂ ಅದರಲ್ಲಿದೆ, ಅದು ಆ ಕಾಲದ್ದು. ಸಾರು ಕುಡಿದರೆ ಎಲುಬು ಬೇಗ ಕೂಡುತ್ತದೆಂದೂ ಅಲ್ಲ. ದಪ್ಪ ಎಲುಬು ಗಟ್ಟಿಯಾಗಲು ಸಾಮಾನ್ಯವಾಗಿ 4ರಿಂದ 6 ತಿಂಗಳು ಬೇಕು, ಬೀಡಿ ಸಿಗರೇಟು ಸೇದುವವರಿಗೆ ಇನ್ನೂ ತಡ.

ಸೊಟ್ಟ ಕೂಡಿದ ಎಲುಬನ್ನು ಮತ್ತೆ ಮುರಿದು ಕಟ್ಟುವವರ ಮೇಲೆ ಅವರಿಗೆ ಸಿಟ್ಟಿತ್ತು. ಅರಿವಳಿಕೆ ಇಲ್ಲ, ಎಕ್ಸ್‌ರೇ ಇಲ್ಲ. ಆ ಕಾಲಕ್ಕೆ ಸಿಟ್ಟು ನ್ಯಾಯವೇ. ಈಗ ಆಸ್ಪತ್ರೆಯಲ್ಲಿ ಅದನ್ನೇ ಸುರಕ್ಷಿತವಾಗಿ ಮಾಡ್ತಾರೆ.

1010ರ ಹೊತ್ತಿಗೆ ಅಂತರ್ಯುದ್ಧದಲ್ಲಿ ಅವರ ಹುಟ್ಟೂರು ಹಾಳುಬಿತ್ತು. ಸುಮಾರು 1013ರಲ್ಲಿ ಅವರೂ ತೀರಿಕೊಂಡರು. ಆದರೆ ಗ್ರಂಥ ಉಳಿಯಿತು: 12ನೇ ಶತಮಾನದಲ್ಲಿ ಟೊಲೆಡೊದಲ್ಲಿ ಕ್ರೆಮೋನಾದ ಜೆರಾರ್ಡ್ ಅದರ ಶಸ್ತ್ರಚಿಕಿತ್ಸೆಯ ಭಾಗವನ್ನು ಲ್ಯಾಟಿನ್‌ಗೆ ತಂದರು, 1497ರಲ್ಲಿ ವೆನಿಸ್‌ನಲ್ಲಿ ಅಚ್ಚಾಯಿತು. ಯುರೋಪಿನ ವೈದ್ಯರು ಅವರನ್ನು ಅಲ್ಬುಕಾಸಿಸ್ ಎಂದು ಕರೆದು ನೂರಾರು ವರ್ಷ ಓದಿದರು. ಕೊರ್ಡೋಬಾದಲ್ಲಿ ಆ ಹೆಸರಿನ ಬೀದಿ ಈಗಲೂ ಇದೆ.