ಡಾ. ಹೋಮಿ ಭಾಭಾ ಮತ್ತು ಅಣುಶಕ್ತಿ

ಹಿಂದೊಮ್ಮೆ ಒಂಬತ್ತನೆಯ ತರಗತಿಯಲ್ಲಿ ಹಿರೋಷಿಮಾದ ಮಾತು ಬಂದಾಗ ಒಬ್ಬ ವಿದ್ಯಾರ್ಥಿ ಎದ್ದು ನಿಂತು, ನಮ್ಮ ದೇಶದ ಅಣುಬಾಂಬು ಮಾಡಿದವರು ಭಾಭಾ ಅವರೇ ಅಲ್ಲವೇ ಎಂದು ಕೇಳಿದ. ಹೌದೆನ್ನಲೂ ಅಲ್ಲವೆನ್ನಲೂ ತೋಚದೆ ಆ ದಿನ ಪಾಠ ಮುಂದುವರಿಸಿಬಿಟ್ಟೆ. ನಾನು ಕನ್ನಡ ಹೇಳಿಕೊಡುವವನು, ವಿಜ್ಞಾನದ ಅಧ್ಯಾಪಕನಲ್ಲ. ಆದರೂ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಆಮೇಲೆ ಓದಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೋಮಿ ಜಹಾಂಗೀರ ಭಾಭಾ 1909ರ ಅಕ್ಟೋಬರ್ 30ರಂದು ಮುಂಬಯಿಯ ಸ್ಥಿತಿವಂತ ಪಾರ್ಸಿ ಮನೆತನದಲ್ಲಿ ಜನಿಸಿದರು. ತಂದೆ ಜಹಾಂಗೀರ ಭಾಭಾ ವಕೀಲರು. ತಾತ ಹೊರ್ಮುಸ್‌ಜಿ ಭಾಭಾ ಮೈಸೂರು ಸಂಸ್ಥಾನದಲ್ಲಿ ವಿದ್ಯಾ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಆಗಿದ್ದವರು. ಸೋದರತ್ತೆ ಮೆಹರ್‌ಬಾಯಿ ಟಾಟಾ ಮನೆತನದ ಸೊಸೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹಳಬರು ಟಾಟಾ ಇನ್‌ಸ್ಟಿಟ್ಯೂಟ್ ಎಂದು ಕರೆಯುವ ಸಂಸ್ಥೆ, ಸ್ಥಾಪನೆಯಾದದ್ದೂ ಅದೇ 1909ರಲ್ಲಿ.

ಮಗ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಇಂಜಿನಿಯರಿಂಗ್ ಓದಿ ಬಂದು ಜಮ್‌ಷೆಡ್‌ಪುರದ ಉಕ್ಕಿನ ಕಾರ್ಖಾನೆ ಸೇರಲಿ ಎಂಬುದು ಹಿರಿಯರ ಇಚ್ಛೆ. 1927ರಲ್ಲಿ ಹಡಗು ಹತ್ತಿದ ಹುಡುಗನಿಗೆ ಅಲ್ಲಿ ಭೌತಶಾಸ್ತ್ರದ ಹುಚ್ಚು ಹಿಡಿಯಿತು. ಅದನ್ನು ತಂದೆಗೆ ಕಾಗದ ಬರೆದು ತಿಳಿಸಿದರು. ಇಂಜಿನಿಯರಿಂಗ್ ಪರೀಕ್ಷೆಯನ್ನು ಪ್ರಥಮ ದರ್ಜೆಯಲ್ಲಿ ಮುಗಿಸಿದರೆ ಮುಂದಿನದು ನಿನ್ನ ಇಷ್ಟ ಎಂದು ತಂದೆ ಕರಾರು ಹಾಕಿದರು. 1930ರಲ್ಲಿ ಮಗ ಆ ಕರಾರನ್ನು ಪೂರೈಸಿದ. (ಪಾಲಕರು ಗಮನಿಸಬೇಕಾದ ಕರಾರು ಇದು.) ನಂತರ ವಿಶ್ವಕಿರಣಗಳ ಸಂಶೋಧನೆಯಲ್ಲಿ ಅವರು ಹೆಸರು ಗಳಿಸಿದರು. ಚಿತ್ರ ಬರೆಯುವುದರಲ್ಲಿಯೂ ಪಾಶ್ಚಾತ್ಯ ಸಂಗೀತದಲ್ಲಿಯೂ ಅವರಿಗೆ ಅಷ್ಟೇ ಆಸಕ್ತಿ. ಮದುವೆಯಾಗಲಿಲ್ಲ.

1939ರಲ್ಲಿ ಭಾಭಾ ರಜೆಗೆಂದು ಭಾರತಕ್ಕೆ ಬಂದರು. ಸೆಪ್ಟೆಂಬರಿನಲ್ಲಿ ಎರಡನೆಯ ಮಹಾಯುದ್ಧ ಹೊತ್ತಿಕೊಂಡಿತು. ಹಿಂತಿರುಗುವ ದಾರಿ ಮುಚ್ಚಿತು. ಬೆಂಗಳೂರಿನ ಆ ವಿಜ್ಞಾನ ಸಂಸ್ಥೆಯಲ್ಲಿ, ಸರ್ ಸಿ. ವಿ. ರಾಮನ್ ಅವರ ಭೌತಶಾಸ್ತ್ರ ವಿಭಾಗದಲ್ಲಿ ರೀಡರ್ ಆಗಿ ಸೇರಿದರು. ರಜೆ ಕಳೆಯಲು ಬಂದವರು ಬೆಂಗಳೂರಿನಲ್ಲಿ ಆರು ವರ್ಷ ನಿಂತರು.

ಅವರು ಬೆಂಗಳೂರಿಗೆ ಬರುವ ಸ್ವಲ್ಪ ಮೊದಲು, 1938ರ ಡಿಸೆಂಬರಿನಲ್ಲಿ, ಬರ್ಲಿನ್ನಿನಲ್ಲಿ ಹಾನ್ ಮತ್ತು ಸ್ಟ್ರಾಸ್‌ಮನ್ ಎಂಬ ರಸಾಯನಶಾಸ್ತ್ರಜ್ಞರು ಯುರೇನಿಯಂ ಪರಮಾಣುವಿನ ಮೇಲೆ ನ್ಯೂಟ್ರಾನ್ ಕಣ ಹಾಯಿಸಿ ಅದನ್ನು ಸೀಳಿದ್ದರು. ನಡೆದದ್ದೇನೆಂದು ಲೀಸ್ ಮೈಟ್ನರ್ ಮತ್ತು ಅವರ ಸೋದರಿಯ ಮಗ ಫ್ರಿಷ್ ವಿವರಿಸಿದರು. ಒಂದು ಪರಮಾಣು ಸೀಳಿದಾಗ ಶಕ್ತಿಯ ಜೊತೆಗೆ ಎರಡು ಮೂರು ನ್ಯೂಟ್ರಾನುಗಳು ಹೊರಬೀಳುತ್ತವೆ. ಅವು ಮತ್ತೆರಡನ್ನು ಸೀಳುತ್ತವೆ, ಆ ಎರಡು ನಾಲ್ಕನ್ನು. ಒಣಗಿದ ಶೇಂಗಾ ಹೊಟ್ಟಿನ ಬಣವೆಗೆ ಒಂದು ಕಿಡಿ ಬಿದ್ದರೆ ಏನಾಗುವುದೆಂದು ನಮ್ಮ ಸೀಮೆಯ ಮಕ್ಕಳಿಗೆ ಹೇಳಬೇಕಾಗಿಲ್ಲ. ಹತೋಟಿಯಲ್ಲಿಟ್ಟರೆ ಆ ಬೆಂಕಿಯಿಂದ ವಿದ್ಯುತ್ತು, ಒಮ್ಮೆಲೇ ಬಿಟ್ಟರೆ ಬಾಂಬು.

ಯುದ್ಧಕಾಲದಲ್ಲಿ ಅಮೆರಿಕ ಎರಡನೆಯ ದಾರಿ ಹಿಡಿಯಿತು. ಮ್ಯಾನ್‌ಹಟನ್ ಯೋಜನೆ ಎಂಬ ಹೆಸರಿನಲ್ಲಿ ಕೆಲಸ ಗುಟ್ಟಾಗಿ ನಡೆಯಿತು. ಭಾಭಾ ಅವರಿಗೆ ಕೇಂಬ್ರಿಜ್‌ನಲ್ಲಿ ಪರಿಚಿತರಾಗಿದ್ದ ಕಾಕ್‌ಕ್ರಾಫ್ಟ್ ಮೊದಲಾದವರು ಯುದ್ಧದ ಕೆಲಸಕ್ಕೆ ಸೇರಿದರು. 1939ರಲ್ಲಿ ರಜೆಗೆ ಬಾರದೆ ಅಲ್ಲಿಯೇ ಉಳಿದಿದ್ದರೆ ಭಾಭಾ ಏನು ಮಾಡುತ್ತಿದ್ದರೋ ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬೆಂಗಳೂರಿನಲ್ಲಿದ್ದ ಅವರು ಮಾಡಿದ್ದು ಬೇರೆ. ವಿಶ್ವಕಿರಣಗಳನ್ನು ಅಳೆಯುವ ಉಪಕರಣಗಳನ್ನು ವಿಮಾನದಲ್ಲಿಟ್ಟು ಆಕಾಶಕ್ಕೆ ಕಳುಹಿಸಿದರು. 1944ರ ಮಾರ್ಚ್ ತಿಂಗಳಲ್ಲಿ ಟಾಟಾ ಟ್ರಸ್ಟಿಗೆ ಒಂದು ದೀರ್ಘ ಪತ್ರ ಬರೆದರು. ಇನ್ನು ಒಂದೆರಡು ದಶಕಗಳಲ್ಲಿ ಪರಮಾಣುವಿನಿಂದ ವಿದ್ಯುತ್ತು ತೆಗೆಯುವ ಕಾಲ ಬರುತ್ತದೆ, ಆಗ ತಜ್ಞರಿಗಾಗಿ ಭಾರತ ಹೊರದೇಶದತ್ತ ನೋಡಬಾರದು, ಅದಕ್ಕೆ ಒಂದು ಸಂಶೋಧನಾಲಯ ಬೇಕು ಎಂಬುದು ಅದರ ತಾತ್ಪರ್ಯ. ಜಗತ್ತು ಅಣುಬಾಂಬಿನ ಹೆಸರು ಕೇಳುವುದಕ್ಕೆ ಸುಮಾರು ಒಂದೂವರೆ ವರ್ಷ ಮೊದಲಿನ ಮಾತಿದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರ ಜೂನ್ 1ರಂದು ಬೆಂಗಳೂರಿನಲ್ಲಿಯೇ ಕೆಲಸ ಆರಂಭಿಸಿತು. ಮುಂಬಯಿಗೆ ಹೋದದ್ದು ಆ ವರ್ಷದ ಕೊನೆಗೆ.

ಸಂಸ್ಥೆಗೆ ಎರಡು ತಿಂಗಳು ತುಂಬಿತ್ತಷ್ಟೆ. ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಜಪಾನಿನ ಹಿರೋಷಿಮಾ ನಗರದ ಮೇಲೆ ಅಮೆರಿಕದ ವಿಮಾನ ಬಾಂಬು ಹಾಕಿತು. ಅದರಲ್ಲಿದ್ದ ಯುರೇನಿಯಂ ಸುಮಾರು 64 ಕಿಲೋಗ್ರಾಂ. ನಿಜವಾಗಿ ಸೀಳಿದ್ದು ಒಂದು ಕಿಲೋಗ್ರಾಮಿಗೂ ಕಡಿಮೆ. ಅಂದರೆ ಅಂಗಡಿಯಲ್ಲಿ ಒಂದು ಕಿಲೋ ಬೆಲ್ಲ ತೂಗುವುದಕ್ಕಿಂತ ಕಡಿಮೆ ತೂಕ. ಅಷ್ಟಕ್ಕೇ ಒಂದು ಊರು ಸುಟ್ಟುಹೋಯಿತು. ವಿಮಾನ ದಾಳಿಯಿಂದ ಬೆಂಕಿ ಹರಡಬಾರದೆಂದು ಮನೆಗಳನ್ನು ಕೆಡವಿ ದಾರಿ ಬಿಡಿಸುವ ಕೆಲಸಕ್ಕೆ ಆ ದಿನ ಸಾವಿರಾರು ಶಾಲಾ ಮಕ್ಕಳನ್ನು ಹಚ್ಚಿದ್ದರು. ಹನ್ನೆರಡು ಹದಿಮೂರು ವರ್ಷದವರು, ನಿಮ್ಮ ವಯಸ್ಸಿನವರು. ಬಯಲಿನಲ್ಲಿ ನಿಂತಿದ್ದ ಅವರಲ್ಲಿ ಬಹುಪಾಲು ಮಂದಿ ಮನೆಗೆ ಮರಳಲಿಲ್ಲ. ಮೂರು ದಿನದ ಮೇಲೆ, 9ರಂದು, ನಾಗಸಾಕಿಯ ಮೇಲೆ ಪ್ಲುಟೋನಿಯಂ ಬಾಂಬು ಬಿತ್ತು. ಆ ವರ್ಷ ಮುಗಿಯುವ ಹೊತ್ತಿಗೆ ಹಿರೋಷಿಮಾದಲ್ಲಿ ಸುಮಾರು 1,40,000, ನಾಗಸಾಕಿಯಲ್ಲಿ ಸುಮಾರು 74,000 ಜನ ಸತ್ತಿದ್ದರೆಂದು ಅಂದಾಜು. ಮೈಮೇಲೆ ಗಾಯವೇ ಇಲ್ಲದವರ ಕೂದಲು ಕೆಲವು ವಾರಗಳಲ್ಲಿ ಉದುರಿತು, ಒಸಡಿನಿಂದ ರಕ್ತ ಸೋರಿತು, ಚರ್ಮದ ಮೇಲೆ ನೇರಳೆ ಮಚ್ಚೆಗಳೆದ್ದವು. ಇದು ವಿಕಿರಣದ ಕೆಲಸ. ಕೆಲವು ವರ್ಷಗಳ ನಂತರ ರಕ್ತದ ಕ್ಯಾನ್ಸರ್ ಕಾಣಿಸಿಕೊಂಡಿತು.

ಸ್ವಾತಂತ್ರ್ಯ ಬಂದ ಮೇಲೆ, 1948ರಲ್ಲಿ, ಅಣುಶಕ್ತಿ ಆಯೋಗ ಏರ್ಪಟ್ಟು ಭಾಭಾ ಅಧ್ಯಕ್ಷರಾದರು. ಪ್ರಧಾನಿ ನೆಹರೂ ಅವರಿಗೆ ಅವರ ಮೇಲೆ ಪೂರ್ಣ ವಿಶ್ವಾಸ. ಮುಂಬಯಿಯ ಟ್ರಾಂಬೆಯಲ್ಲಿ ಕೇಂದ್ರ ಕಟ್ಟಿದರು. ನಮ್ಮ ಕಡೆಯ ಕೋಲಾರದ ಚಿನ್ನದ ಗಣಿಯ ಆಳಕ್ಕೂ ವಿಶ್ವಕಿರಣ ಅಳೆಯಲು ತಮ್ಮ ಸಂಸ್ಥೆಯ ತರುಣರನ್ನು ಇಳಿಸಿದರು. 1955ರ ಆಗಸ್ಟ್ ತಿಂಗಳಲ್ಲಿ ಜಿನೀವಾದಲ್ಲಿ ಅಣುಶಕ್ತಿಯ ಶಾಂತಿಯುತ ಬಳಕೆಯನ್ನು ಕುರಿತು ವಿಶ್ವಸಂಸ್ಥೆ ಮೊದಲ ಸಮ್ಮೇಳನ ಕರೆದಾಗ ಅಧ್ಯಕ್ಷ ಪೀಠದಲ್ಲಿ ಕುಳಿತವರು ಭಾಭಾ. ಆಗ ಹಿರೋಷಿಮಾದ ಆಸ್ಪತ್ರೆಯೊಂದರಲ್ಲಿ ಸಡಾಕೊ ಸಸಾಕಿ ಎಂಬ ಹನ್ನೆರಡು ವರ್ಷದ ಹುಡುಗಿ ಕಾಗದದ ಕೊಕ್ಕರೆಗಳನ್ನು ಮಡಿಸುತ್ತ ಮಲಗಿದ್ದಳು. ಬಾಂಬು ಬಿದ್ದಾಗ ಅವಳು ಎರಡು ವರ್ಷದ ಮಗು. ಆ ಅಕ್ಟೋಬರಿನಲ್ಲಿ ರಕ್ತದ ಕ್ಯಾನ್ಸರಿನಿಂದ ತೀರಿಕೊಂಡಳು.

1956ರ ಆಗಸ್ಟ್ 4ರಂದು ಟ್ರಾಂಬೆಯಲ್ಲಿ ಅಪ್ಸರಾ ರಿಯಾಕ್ಟರು ಚಾಲನೆಗೊಂಡಿತು. 1960ರಲ್ಲಿ ಕೆನಡಾ ದೇಶದ ನೆರವಿನಿಂದ ಸೈರಸ್ ಬಂತು. ಇಲ್ಲಿ ಸ್ವಲ್ಪ ನಿಲ್ಲಬೇಕು. ಸೈರಸ್ಸಿನಲ್ಲಿ ಉರಿದ ಯುರೇನಿಯಂನಿಂದ ಪ್ಲುಟೋನಿಯಂ ತೆಗೆಯಬಹುದು. ನಾಗಸಾಕಿಯ ಬಾಂಬಿನಲ್ಲಿದ್ದದ್ದೂ ಅದೇ ವಸ್ತು. ಮುಂದೆ ವಿದ್ಯುತ್ತಿಗೆ ಬೇಕೆಂದು ಭಾಭಾ ಅದನ್ನು ಬೇರ್ಪಡಿಸುವ ಸ್ಥಾವರವನ್ನೂ ಕಟ್ಟಿಸಿದರು. ಬಾಗಿಲು ಒಂದೇ, ಒಳಗೆ ಕೋಣೆಗಳು ಎರಡು.

1964ರ ಅಕ್ಟೋಬರ್ 16ರಂದು ಚೀನಾ ಅಣುಬಾಂಬು ಸಿಡಿಸಿತು. ಎರಡು ವರ್ಷದ ಹಿಂದಿನ ಯುದ್ಧದ ಸೋಲು ಜನರ ಮನಸ್ಸಿನಲ್ಲಿ ಹಸಿಯಾಗಿತ್ತು. ಎಂಟು ದಿನಗಳ ನಂತರ ಭಾಭಾ ಆಕಾಶವಾಣಿಯಲ್ಲಿ ಮಾತನಾಡಿದರು. ಜಗತ್ತು ಶಸ್ತ್ರತ್ಯಾಗ ಮಾಡಬೇಕೆಂದರು. ಅದೇ ಮಾತಿನಲ್ಲಿ, 10 ಕಿಲೋಟನ್ ಸ್ಫೋಟಕ್ಕೆ 17.5 ಲಕ್ಷ ರೂಪಾಯಿ ಸಾಕೆಂಬ ಲೆಕ್ಕವನ್ನೂ ಮುಂದಿಟ್ಟರು. ರಿಯಾಕ್ಟರು, ಸ್ಥಾವರಗಳಿಗೆ ತಗುಲಿದ ಹಣ ಆ ಲೆಕ್ಕದಲ್ಲಿರಲಿಲ್ಲ. ಹಿರೋಷಿಮಾದ ಬಾಂಬು ಸುಮಾರು 15 ಕಿಲೋಟನ್ನಿನದೆಂದು ನೆನೆದರೆ ಆ ಅಂಕಿ ಓದುವಾಗ ನನಗೆ ಕಸಿವಿಸಿಯಾಗುತ್ತದೆ. ಅವರನ್ನು ಶಾಂತಿಯ ವಿಜ್ಞಾನಿಯೆಂದು ಹೊಗಳುವವರು ಈ ಭಾಷಣವನ್ನು ಬಿಟ್ಟುಬಿಡುತ್ತಾರೆ. ಬಾಂಬಿನ ಪಿತಾಮಹರೆಂದು ಹೊಗಳುವವರು ಜಿನೀವಾವನ್ನು ಬಿಡುತ್ತಾರೆ. ಇಬ್ಬರೂ ಮಾಡುತ್ತಿರುವುದು ಸರಿಯಲ್ಲವೆಂದು ನನ್ನ ಅನಿಸಿಕೆ. ಬಾಂಬು ಬೇಡವೆಂದಿದ್ದ ಪ್ರಧಾನಿ ಲಾಲ್ ಬಹಾದೂರ್ ಶಾಸ್ತ್ರಿಗಳು ಕೊನೆಗೆ ಶಾಂತಿಯುತ ಸ್ಫೋಟದ ಅಧ್ಯಯನಕ್ಕೆ ಮಾತ್ರ ಒಪ್ಪಿದರು.

1966ರ ಜನವರಿ 11ರಂದು ಶಾಸ್ತ್ರಿಗಳು ತೀರಿಕೊಂಡರು. 24ರಂದು ಇಂದಿರಾ ಗಾಂಧಿಯವರು ಪ್ರಧಾನಿಯಾಗಿ ಪ್ರಮಾಣ ಸ್ವೀಕರಿಸಿದರು. ಅದೇ ದಿನ, ವಿಯೆನ್ನಾದ ಸಭೆಯೊಂದಕ್ಕೆ ಹೊರಟಿದ್ದ ಭಾಭಾ ಅವರ ವಿಮಾನ ಆಲ್ಪ್ಸ್ ಪರ್ವತದ ಮಾಂಟ್ ಬ್ಲಾಂಕ್ ಶಿಖರಕ್ಕೆ ಬಡಿಯಿತು. ಅದರಲ್ಲಿದ್ದ 117 ಮಂದಿಯಲ್ಲಿ ಯಾರೂ ಉಳಿಯಲಿಲ್ಲ. ಭಾಭಾ ಅವರಿಗೆ ಆಗ 56 ವರ್ಷ.

1974ರ ಮೇ 18ರಂದು ರಾಜಸ್ಥಾನದ ಪೋಖ್ರಾನಿನಲ್ಲಿ ಭಾರತ ಮೊದಲ ಸ್ಫೋಟ ನಡೆಸಿತು. ಅದರ ಮುಂದಾಳು ಭಾಭಾ ಅವರೇ ಆರಿಸಿ ಬೆಳೆಸಿದ ರಾಜಾ ರಾಮಣ್ಣ, ನಮ್ಮ ಮಡಕಶಿರಾಕ್ಕೆ ನೆರೆಯ ಜಿಲ್ಲೆಯಾದ ತುಮಕೂರಿನಲ್ಲಿ ಹುಟ್ಟಿದವರು. ಪ್ಲುಟೋನಿಯಂ ಬಂದದ್ದು ಸೈರಸ್ಸಿನಿಂದ. ಕೆನಡಾ ಕೋಪಗೊಂಡು ನೆರವು ನಿಲ್ಲಿಸಿತು. ಹುಡುಗನ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಇಷ್ಟೇ: ಬಾಂಬನ್ನು ಭಾಭಾ ಮಾಡಲಿಲ್ಲ, ಅದಕ್ಕೆ ಬೇಕಾದುದೆಲ್ಲ ಅವರು ಕಟ್ಟಿದ ಮನೆಯಲ್ಲಿತ್ತು.

ಟ್ರಾಂಬೆಯ ಕೇಂದ್ರಕ್ಕೆ 1967ರಲ್ಲಿ ಭಾಭಾ ಅವರ ಹೆಸರಿಟ್ಟರು. ಆ ಕೇಂದ್ರಕ್ಕೂ ಬೆಂಗಳೂರಿನ ವಿಜ್ಞಾನ ಸಂಸ್ಥೆಗೂ ಈಗ ನಮ್ಮ ನೆರೆಯ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲೂಕಿನಲ್ಲಿ ಸಾವಿರಾರು ಎಕರೆ ಜಮೀನಿದೆ. ಮೊದಲು ಅದು ಅಮೃತಮಹಲ್ ಕಾವಲು. ಸುತ್ತಲಿನ ಹಳ್ಳಿಯವರು ದನ, ಕುರಿ ಮೇಯಿಸುತ್ತಿದ್ದ ಆ ಬಯಲಿನ ಸುತ್ತ ಇಂದು ಗೋಡೆ ಎದ್ದಿದೆ.