ಲಂಡನ್ನಿನಲ್ಲಿ ಒಬ್ಬ ಬಡ ವಿದ್ಯಾರ್ಥಿ

ಕಳೆದ ವರ್ಷ ಮಳೆಗಾಲದ ಒಂದು ಮಧ್ಯಾಹ್ನ ಪಾಠ ಮುಗಿಸಿ ಅಧ್ಯಾಪಕರ ಕೊಠಡಿಯಲ್ಲಿ ಕುಳಿತಿದ್ದೆ. ಎರಡನೆಯ ಬಿ.ಎ. ತರಗತಿಯ ಒಬ್ಬ ವಿದ್ಯಾರ್ಥಿ ಬಂದು ಬಾಗಿಲ ಬಳಿ ನಿಂತ. ಅವನಿಗೆ ಬರಬೇಕಾಗಿದ್ದ ವಿದ್ಯಾರ್ಥಿವೇತನ ಐದು ತಿಂಗಳಾದರೂ ಬಂದಿರಲಿಲ್ಲ. ಕೋಣೆಯ ಬಾಡಿಗೆ ಕೊಟ್ಟ ಮೇಲೆ ಎರಡು ಹೊತ್ತಿನ ಊಟಕ್ಕೆ ಕೈಯಲ್ಲಿ ಏನೂ ಉಳಿಯುತ್ತಿರಲಿಲ್ಲ. ಕಚೇರಿಯಲ್ಲಿ ನಾನೊಂದು ಮಾತು ವಿಚಾರಿಸಬೇಕೆಂಬುದು ಅವನ ಬೇಡಿಕೆ. ನಾನು ಅವನನ್ನು ಕುಳ್ಳಿರಿಸಿಕೊಂಡು, ಅಂಬೇಡ್ಕರರು ಲಂಡನ್ನಿನಲ್ಲಿ ಹಪ್ಪಳ ಸುಟ್ಟು ತಿಂದು ವಿದ್ಯೆ ಸಂಪಾದಿಸಿದ ಕಥೆಯನ್ನು ಹೇಳಿದೆ. ಚೆನ್ನಾಗಿಯೇ ಹೇಳಿದೆನೆಂದು ತೋರುತ್ತದೆ. ಹುಡುಗನ ಕಣ್ಣು ತುಂಬಿತು. ನನಗೂ ತೃಪ್ತಿಯಾಯಿತು. ಕಚೇರಿಯ ವಿಚಾರ ಮಾತ್ರ ಮರೆತುಹೋಯಿತು.

ಹದಿನೈದು ದಿನಗಳ ಬಳಿಕ ಆ ಹುಡುಗ ತರಗತಿಯಲ್ಲಿಯೇ ತಲೆ ಸುತ್ತಿ ಬಿದ್ದ. ಹಿಂದಿನ ದಿನದಿಂದ ಅವನು ಏನನ್ನೂ ತಿಂದಿರಲಿಲ್ಲ. ಅಂದು ರಾತ್ರಿ ನಾನು ಆ ಮಹನೀಯರ ಚರಿತ್ರೆಯನ್ನು ಮತ್ತೆ ಮೊದಲಿನಿಂದ ಓದಲು ಕುಳಿತೆ. ನಾನು ಹುಡುಗನಿಗೆ ಹೇಳಿದ್ದು ಅರ್ಧ ಕಥೆ ಮಾತ್ರವೆಂದು ಆಗ ಅರಿವಾಯಿತು. ಅದನ್ನು ಪೂರ್ತಿಯಾಗಿ ಹೇಳುವ ಋಣ ನನ್ನ ಮೇಲಿದೆ.

ಭೀಮರಾಯರು ಹುಟ್ಟಿದ್ದು 1891ರ ಏಪ್ರಿಲ್ 14ರಂದು, ಮಹೂ ದಂಡಿನ ಪ್ರದೇಶದಲ್ಲಿ. ತಂದೆ ರಾಮಜಿ ಸಕ್ಪಾಲರು ಸೈನ್ಯದಲ್ಲಿ ಸುಬೇದಾರರಾಗಿದ್ದವರು. ನಿವೃತ್ತಿಯ ನಂತರ ಸಂಸಾರ ಮುಂಬಯಿಯ ಪರೇಲಿನ ಚಾಳಿನಲ್ಲಿ ಒಂದೇ ಕೋಣೆಗೆ ಬಂದು ಸೇರಿತು. ಅಡಿಗೆಯೂ ಅಲ್ಲಿಯೇ, ನಿದ್ರೆಯೂ ಅಲ್ಲಿಯೇ, ಓದೂ ಅಲ್ಲಿಯೇ. ನಮ್ಮ ನಾಡಿನಲ್ಲಿ ವಾರಾನ್ನ ಉಂಡು ಓದಿ ದೊಡ್ಡವರಾದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆದರೆ ವಾರಾನ್ನದ ಮನೆಗಳ ಬಾಗಿಲು ಜಾತಿಯನ್ನು ನೋಡಿ ತೆರೆಯುತ್ತಿತ್ತು. ಮಹಾರರ ಹುಡುಗನಿಗೆ ಅಂಥ ಬಾಗಿಲೊಂದೂ ಇರಲಿಲ್ಲ. ಅವನ ಬಡತನ ಇತರರ ಬಡತನಕ್ಕಿಂತ ಒಂದು ತೂಕ ಹೆಚ್ಚಿನದು.

1907ರಲ್ಲಿ ಮೆಟ್ರಿಕ್ಯುಲೇಷನ್ ಆಯಿತು. ಬಡೋದೆಯ ಮಹಾರಾಜ ಸಯಾಜಿರಾವ್ ಗಾಯಕವಾಡರ ನೆರವಿನಿಂದ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಬಿ.ಎ. ಮುಗಿಯಿತು. 1913ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡರು. ಅದೇ ವರ್ಷ ಜುಲೈ ತಿಂಗಳಲ್ಲಿ ಬಡೋದೆಯ ವಿದ್ಯಾರ್ಥಿವೇತನದ ಮೇಲೆ ಅವರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾನಿಲಯವನ್ನು ಸೇರಿದರು. ವೇತನ ತಿಂಗಳಿಗೆ ಹನ್ನೊಂದೂವರೆ ಪೌಂಡು. ಅದರಲ್ಲಿಯೇ ತಮ್ಮ ಖರ್ಚು ಸಾಗಬೇಕು. ಅದರಲ್ಲಿಯೇ ಊರಿನಲ್ಲಿದ್ದ ಪತ್ನಿ ರಮಾಬಾಯಿಯವರ ಸಂಸಾರಕ್ಕೂ ಒಂದಿಷ್ಟು ಕಳುಹಿಸಬೇಕು.

ಸಂಪತ್ತಿನ ಆ ಮಹಾನಗರದಲ್ಲಿ ನೋಟಕ್ಕೂ ವಿನೋದಕ್ಕೂ ಕೊರತೆಯಿರಲಿಲ್ಲ. ಈ ವಿದ್ಯಾರ್ಥಿ ಅವುಗಳತ್ತ ತಿರುಗಿ ನೋಡಲಿಲ್ಲ. ಊಟವೆಂದರೆ ಒಂದು ಬಟ್ಟಲು ಕಾಫಿ, ಎರಡು ಮಫಿನ್ನು, ಒಂದಿಷ್ಟು ಮಾಂಸ ಇಲ್ಲವೆ ಮೀನು. ಹೀಗೆ ಉಳಿಸಿದ ಹಣವನ್ನು ಪೆಟ್ಟಿಗೆಯಲ್ಲಿಡಲಿಲ್ಲ. ಹಳೆಯ ಪುಸ್ತಕಗಳ ಅಂಗಡಿಗೆ ಸುರಿದರು. ನ್ಯೂಯಾರ್ಕನ್ನು ಬಿಡುವ ವೇಳೆಗೆ ಸುಮಾರು 2,000 ಪುಸ್ತಕಗಳು ಕೂಡಿದ್ದುವು. ಹೊಟ್ಟೆಯ ಲೆಕ್ಕದಲ್ಲಿ ಎಷ್ಟು ಬಿಗಿಯೋ ಪುಸ್ತಕದ ಲೆಕ್ಕದಲ್ಲಿ ಅಷ್ಟೇ ಧಾರಾಳ.

1915ರಲ್ಲಿ ಎಂ.ಎ. ಪದವಿ ಬಂದಿತು. 1916ರಲ್ಲಿ ಅವರು ಲಂಡನ್ನಿಗೆ ಹೋಗಿ ಅರ್ಥಶಾಸ್ತ್ರದ ಪ್ರೌಢ ವ್ಯಾಸಂಗಕ್ಕೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸನ್ನೂ, ನ್ಯಾಯಶಾಸ್ತ್ರಕ್ಕೆ ಗ್ರೇಸ್ ಇನ್ನನ್ನೂ ಸೇರಿದರು. ಆದರೆ ವೇತನದ ಅವಧಿ ಮುಗಿಯಿತು. 1917ರಲ್ಲಿ ನಡುವಿನಲ್ಲಿಯೇ ಹಿಂದಿರುಗಬೇಕಾಯಿತು. ಯುದ್ಧದ ಕಾಲ, ಅವರ ಸಾಮಾನುಗಳನ್ನು ಹೊತ್ತಿದ್ದ ಹಡಗು ಶತ್ರುಗಳ ದಾಳಿಗೆ ಸಿಕ್ಕಿ ಮುಳುಗಿತು. ಬಡೋದೆಯಲ್ಲಿ ಉದ್ಯೋಗ ದೊರೆತರೂ ತಲೆಯ ಮೇಲೊಂದು ಸೂರು ದೊರೆಯಲಿಲ್ಲ. ಎರಡು ಖಂಡಗಳಲ್ಲಿ ಓದಿ ಬಂದ ವಿದ್ವಾಂಸರನ್ನು, ಜಾತಿ ತಿಳಿದೊಡನೆ, ಇಳಿದುಕೊಂಡಿದ್ದ ವಸತಿಯಿಂದಲೇ ಹೊರಗೆ ಹಾಕಿದರು.

1918ರಲ್ಲಿ ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಅಧ್ಯಾಪಕರಾದರು. ನಮ್ಮಂಥವರಿಗೆ ಅದು ಗಮ್ಯಸ್ಥಾನವಾಗುತ್ತಿತ್ತು. ಅವರಿಗೆ ಅದು ಲಂಡನ್ನಿನ ದಾರಿಯ ಬುತ್ತಿಯನ್ನು ಕಟ್ಟಿಕೊಳ್ಳುವ ತಂಗುದಾಣ. ಸಂಬಳದಲ್ಲಿ ಉಳಿಸಿದ್ದು ಒಂದಿಷ್ಟು, ಕೊಲ್ಲಾಪುರದ ಶಾಹು ಮಹಾರಾಜರ ನೆರವು ಒಂದಿಷ್ಟು, ಗೆಳೆಯ ನವಲ್ ಭಥೇನರಿಂದ ಪಡೆದ ಐದು ಸಾವಿರ ರೂಪಾಯಿ ಸಾಲ. ಇವನ್ನು ಕೂಡಿಸಿಕೊಂಡು 1920ರ ಜುಲೈ ತಿಂಗಳಲ್ಲಿ ಮತ್ತೆ ಹಡಗು ಹತ್ತಿದರು.

ಈ ಸಲ ದುಡ್ಡು ಸಾಲದ್ದು, ಕಾಲ ಮಿತಿಯಾದದ್ದು. ಅದರ ಮೇಲೆ ರೂಪಾಯಿಯ ಬೆಲೆಯೇ ಕೈಕೊಟ್ಟಿತು. 1920ರ ಆರಂಭದಲ್ಲಿ ಒಂದು ರೂಪಾಯಿಗೆ ಎರಡೂವರೆ ಷಿಲಿಂಗಿಗಿಂತ ಹೆಚ್ಚು ಬರುತ್ತಿತ್ತು. ಮರುವರ್ಷದ ಹೊತ್ತಿಗೆ ಅದು ಒಂದು ಷಿಲಿಂಗು ನಾಲ್ಕು ಪೆನ್ಸಿನ ಆಸುಪಾಸಿಗೆ ಇಳಿಯಿತು. ಎರಡು ಷಿಲಿಂಗಿನ ದರದಲ್ಲಿ ನೂರು ಪೌಂಡು ತರುತ್ತಿದ್ದ ಸಾವಿರ ರೂಪಾಯಿ ಈಗ ಅರುವತ್ತಾರು ಪೌಂಡನ್ನು ಮಾತ್ರ ತರುವಂತಾಯಿತು. ಅಂಬೇಡ್ಕರರು ಪ್ರಬಂಧಕ್ಕೆ ಆರಿಸಿಕೊಂಡಿದ್ದ ವಿಷಯವೂ ರೂಪಾಯಿಯ ಸಮಸ್ಯೆಯೇ! ಹಗಲು ಗ್ರಂಥಗಳಲ್ಲಿ ಶೋಧಿಸಿದ್ದನ್ನು ರಾತ್ರಿ ಊಟದ ತಟ್ಟೆಯಲ್ಲಿ ಕಾಣುವ ಯೋಗ ಎಷ್ಟು ಮಂದಿ ಅರ್ಥಶಾಸ್ತ್ರಜ್ಞರಿಗೆ ಬಂದೀತು?

ಬೆಳಗ್ಗೆ ವಸತಿಗೃಹದ ಯಜಮಾನಿ ಒಂದು ತುಂಡು ರೊಟ್ಟಿಯನ್ನೂ ಅದಕ್ಕೆ ಸವರಿಕೊಳ್ಳಲು ಒಂದಿಷ್ಟು ಜ್ಯಾಮನ್ನೂ ಒಂದು ಬಟ್ಟಲು ಚಹವನ್ನೂ ಕೊಡುವಳು. ಅದನ್ನು ಮುಗಿಸಿ ಬ್ರಿಟಿಷ್ ಮ್ಯೂಸಿಯಮ್ಮಿನ ವಾಚನಾಲಯಕ್ಕೆ ಹೋಗಿ ಕುಳಿತರೆ ಅದು ಮುಚ್ಚುವವರೆಗೆ ಏಳುತ್ತಿರಲಿಲ್ಲ. ಅಲ್ಲಿ ಓದುವುದಕ್ಕೆ ಶುಲ್ಕವಿರಲಿಲ್ಲ. ಲಂಡನ್ನಿನಂಥ ದುಬಾರಿ ನಗರದಲ್ಲಿ ಬಡವನಿಗೆ ಬಿಡಿಗಾಸಿಲ್ಲದೆ ದೊರೆಯುತ್ತಿದ್ದ ಐಶ್ವರ್ಯ ಅದೊಂದೇ. ಮಧ್ಯಾಹ್ನದ ಊಟವನ್ನು ಬಿಟ್ಟೇಬಿಟ್ಟಿದ್ದರು; ಹಣವೂ ಉಳಿಯಿತು, ಹೊತ್ತೂ ಉಳಿಯಿತು. ಸಂಜೆಗೆ ಬೋವ್ರಿಲ್ ಎಂಬ ಮಾಂಸದ ಸಾರು, ಒಂದೆರಡು ಬಿಸ್ಕತ್ತು. ಮತ್ತೆ ಓದು. ರಾತ್ರಿ ಹಸಿವು ತಡೆಯಲಾರದಾದಾಗ, ಪರಿಚಿತರೊಬ್ಬರು ಕೊಟ್ಟಿದ್ದ ಹಪ್ಪಳದ ಕಟ್ಟನ್ನು ಬಿಚ್ಚಿ, ತಗಡಿನ ಮೇಲೆ ನಾಲ್ಕನ್ನು ಸುಟ್ಟು, ಒಂದು ಬಟ್ಟಲು ಹಾಲಿನೊಡನೆ ತಿನ್ನುವರು. ಆಮೇಲೂ ದೀಪ ಆರುತ್ತಿರಲಿಲ್ಲ.

1921ರಲ್ಲಿ ಎಂ.ಎಸ್ಸಿ. ಪದವಿ ದೊರೆಯಿತು, ಮುಂದೆ ಬ್ಯಾರಿಸ್ಟರೂ ಆದರು. ಡಿ.ಎಸ್ಸಿ. ಪ್ರಬಂಧವನ್ನು ತಿದ್ದಿ ಬರೆಯಬೇಕೆಂದು ಸೂಚನೆ ಬಂದಾಗ ಕೈ ಬರಿದಾಗಿತ್ತು. 1923ರ ಏಪ್ರಿಲಿನಲ್ಲಿ ಊರಿಗೆ ಮರಳಿ, ಮುಂಬಯಿಯಿಂದಲೇ ತಿದ್ದಿ ಕಳುಹಿಸಿ, ಅದೇ ವರ್ಷ ಆ ಪದವಿಯನ್ನೂ ಪಡೆದರು. ಅಷ್ಟು ಕಾಲವೂ ರಮಾಬಾಯಿಯವರು ಇಲ್ಲಿ ಕಡು ಬಡತನದಲ್ಲಿ ಸಂಸಾರ ತೂಗಿಸಿದರೆಂಬುದನ್ನು ಮರೆಯಬಾರದು. ಲಂಡನ್ನಿನಲ್ಲಿ ಬಿಟ್ಟ ಊಟಕ್ಕೆ ಪದವಿಯ ಫಲ ಬಂದಿತು. ಮುಂಬಯಿಯಲ್ಲಿ ಬಿಟ್ಟ ಊಟವನ್ನು ಲೆಕ್ಕವಿಟ್ಟವರಿಲ್ಲ.

ನಾನು ಹುಡುಗನಿಗೆ ಹೇಳಿದ ಕಥೆ ಇಲ್ಲಿಗೆ ಮುಗಿದಿತ್ತು. ಅಂಬೇಡ್ಕರರು ತಮ್ಮ ಹಸಿವನ್ನು ಏನು ಮಾಡಿದರೆಂಬುದು ಉಳಿದರ್ಧ. ಅವರು ಅದನ್ನು ವ್ರತವೆಂದು ಕೊಂಡಾಡಲಿಲ್ಲ, ಮುಂದಿನವರಿಗೆ ಉಪದೇಶವಾಗಿ ಬಿಟ್ಟುಹೋಗಲೂ ಇಲ್ಲ. 1924ರಲ್ಲಿ ಬಹಿಷ್ಕೃತ ಹಿತಕಾರಿಣೀ ಸಭೆಯನ್ನು ಸ್ಥಾಪಿಸಿದರು. ಆ ಸಭೆ ಮೊದಮೊದಲು ಕೈಹಾಕಿದ ಕೆಲಸಗಳಲ್ಲೊಂದು, ಕನ್ನಡದ ಮಾತೂ ಕೇಳಿಬರುವ ಸೊಲ್ಲಾಪುರದಲ್ಲಿ 1925ರಲ್ಲಿ ತೆರೆದ ವಿದ್ಯಾರ್ಥಿನಿಲಯ. ಭಾಷಣಕ್ಕಿಂತ ಮೊದಲು ಅನ್ನ, ಚಳವಳಿಗಿಂತ ಮೊದಲು ಸೂರು. ಇಂಥ ನಿಲಯಗಳನ್ನು ನಡೆಸಲೆಂದೇ 1928ರಲ್ಲಿ ಒಂದು ಶಿಕ್ಷಣ ಸಂಘವನ್ನು ಕಟ್ಟಿದರು. 1942ರಲ್ಲಿ ವೈಸರಾಯರ ಕಾರ್ಯಾಂಗ ಸಭೆಯ ಸದಸ್ಯರಾದೊಡನೆ ಪರಿಶಿಷ್ಟರ ವ್ಯಾಸಂಗಕ್ಕೆ ಸರ್ಕಾರದ ಹಣ ಬೇಕೆಂದು ಪಟ್ಟು ಹಿಡಿದರು. ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ 1944ರಲ್ಲಿ ಆರಂಭವಾಯಿತು. 1946ರಲ್ಲಿ ಮುಂಬಯಿಯಲ್ಲಿ ಸಿದ್ಧಾರ್ಥ ಕಾಲೇಜು ಬಾಗಿಲು ತೆರೆಯಿತು. 1956ರ ಡಿಸೆಂಬರ್ 6ರಂದು ಅವರು ಕಣ್ಮುಚ್ಚಿದಾಗ, ತಾವು ಉಂಡ ಹಸಿವನ್ನು ಇನ್ನೊಬ್ಬರು ಉಣ್ಣಬಾರದೆಂದು ಮೂವತ್ತು ವರ್ಷಕ್ಕೂ ಮೀರಿ ದುಡಿದಿದ್ದರು.

ಈ ಪುಟಕ್ಕೆ ಬಂದಾಗ ನಾನು ಪುಸ್ತಕ ಮುಚ್ಚಿದೆ. ನನ್ನ ವಿದ್ಯಾರ್ಥಿಗೆ ಬಾರದಿದ್ದುದು ಅದೇ ವಿದ್ಯಾರ್ಥಿವೇತನ. ಅದನ್ನು ಕೇಳಿ ಬಂದವನಿಗೆ, ಅದಕ್ಕಾಗಿ ಹೋರಾಡಿದವರ ಹೆಸರಿನಲ್ಲಿಯೇ, ನಾನು ಉಪವಾಸವನ್ನು ಬೋಧಿಸಿ ಕಳುಹಿಸಿದ್ದೆ.

ಮರುದಿನ ಬೆಳಗ್ಗೆ ಕಚೇರಿಗೆ ಹೋದೆ. ಬ್ಯಾಂಕಿನ ಖಾತೆಯ ಸಂಖ್ಯೆಯಲ್ಲಿ ಒಂದು ಅಂಕೆ ತಪ್ಪಿತ್ತು. ತಿದ್ದಿಸಲು ಹತ್ತು ನಿಮಿಷ ಹಿಡಿಯಿತು. ಹಣ ಬರುವವರೆಗೆ ಹತ್ತಿರದ ಖಾನಾವಳಿಯಲ್ಲಿ ಅವನ ಊಟಕ್ಕೆ ಹೇಳಿ ಬಂದೆ. ಹುಡುಗ ಕೈಮುಗಿದ, ನನಗೆ ಅವನ ಮುಖ ನೋಡಲಾಗಲಿಲ್ಲ.

ಹಪ್ಪಳದ ಕಥೆಯನ್ನು ನಾನು ಈಗಲೂ ತರಗತಿಯಲ್ಲಿ ಹೇಳುವುದುಂಟು. ಆದರೆ ಸೊಲ್ಲಾಪುರದ ವಿದ್ಯಾರ್ಥಿನಿಲಯದವರೆಗೆ ಬಾರದೆ ಪಾಠವನ್ನು ನಿಲ್ಲಿಸುವುದಿಲ್ಲ. ಗಂಟೆ ಬಾರಿಸಿದ ಮೇಲೆ, ವೇತನ ಬಾರದವರು ಯಾರಾದರೂ ಇದ್ದರೆ ನಿಲ್ಲಬೇಕೆಂದು ಹೇಳುತ್ತೇನೆ. ಪ್ರತಿ ವರ್ಷವೂ ಒಬ್ಬಿಬ್ಬರು ನಿಲ್ಲುತ್ತಾರೆ.